ಅಚ್ಚಿಗೆ ಬಂದ ಹೀಬ್ರೂ ಹಾಡು

ಯೆಹೂದ್ಯರು ತಮ್ಮ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಧರ್ಮಗ್ರಂಥವನ್ನು ಸುಮ್ಮನೆ ಓದುವುದಿಲ್ಲ, ರಾಗವಾಗಿ ಓದುತ್ತಾರೆ. ಅಲ್ಲಿ ಬಳಸುವ ತೋರಾ, ಅಂದರೆ ಮೋಶೆಯ ಪಂಚಗ್ರಂಥ, ಕೈಬರಹದ ಸುರುಳಿ. ಅದರಲ್ಲಿ ಸ್ವರಾಕ್ಷರದ ಗುರುತೂ ಇಲ್ಲ, ರಾಗದ ಗುರುತೂ ಇಲ್ಲ. ಓದುವವರು ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೇ ಬರಬೇಕು. ಆ ಅಭ್ಯಾಸಕ್ಕೆ ಗುರುತುಗಳಿರುವ ಪುಸ್ತಕ ಬೇಕು. 1482ರಲ್ಲಿ ಇಟಲಿಯ ಬೊಲೋನ್ಯದಲ್ಲಿ ಅಚ್ಚಾದ ಮೋಶೆಯ ಪಂಚಗ್ರಂಥ ಅಂಥದು. ಅಕ್ಷರಗಳ ಮೇಲೆ, ಕೆಳಗೆ ಪುಟ್ಟ ಗೀಟು, ಚುಕ್ಕೆ, ಕೊಕ್ಕೆಗಳು. ಮೊಳೆ ಜೋಡಿಸುವವರಿಗೆ ಪ್ರತಿ ಸಾಲೂ ಮೂರು ಸಾಲಿನ ಕೆಲಸ. ಎಲ್ಲಿ ನಿಲ್ಲಬೇಕು, ಯಾವ ಪದವನ್ನು ಯಾವುದಕ್ಕೆ ಕೂಡಿಸಬೇಕು ಎಂದು ಈ ಗುರುತುಗಳು ಹೇಳುತ್ತವೆ. ಧಾಟಿಯನ್ನು ಮಾತ್ರ ಗುರುವಿನ ಬಾಯಿಂದಲೇ ಕಲಿಯಬೇಕು. ಒಂದೇ ಗುರುತನ್ನು ಯೆಮನ್ನಿನವರು ಹಾಡುವ ಬಗೆಯೇ ಬೇರೆ, ಜರ್ಮನಿಯವರದೇ ಬೇರೆ.

1587ರಲ್ಲಿ ಗಲಿಲಾಯದ ಸಫೇದ್‌ನಲ್ಲಿ ಇಸ್ರಾಯೇಲ್ ನಜಾರ ಎಂಬ ಕವಿಯ ಭಕ್ತಿಗೀತೆಗಳು ಅಚ್ಚಾದವು. ಯಕ್ಷಗಾನದ ಪ್ರಸಂಗ ಪುಸ್ತಕದಲ್ಲಿ ಪದ್ಯದ ತಲೆಗೆ ರಾಗ, ತಾಳ ಬರೆದಿರುವಂತೆ, ಅಲ್ಲಿ ಗೀತೆಯನ್ನು ಯಾವ ತುರ್ಕಿ ಅಥವಾ ಅರಬ್ಬಿ ಹಾಡಿನ ಮಟ್ಟಿನಲ್ಲಿ ಹೇಳಬೇಕೆಂಬ ಸೂಚನೆ ಇತ್ತು. ಮಟ್ಟು ಗೊತ್ತಿದ್ದವರಿಗಷ್ಟೇ ಅದು ಉಪಯೋಗ.

ಸಂಗೀತವನ್ನು ಪೂರ್ತಿಯಾಗಿ ಕಾಗದಕ್ಕಿಳಿಸಿದವರು ಇಟಲಿಯ ಮಾಂಟುವಾದ ಗೊಂಜಾಗಾ ದೊರೆಗಳ ಆಸ್ಥಾನದಲ್ಲಿದ್ದ ಯೆಹೂದ್ಯ ಸಂಗೀತಗಾರ ಸಾಲಮೋನೆ ರೊಸ್ಸಿ. ಊರಿನ ಯೆಹೂದ್ಯರೆಲ್ಲ ಹಳದಿ ಗುರುತು ಧರಿಸಬೇಕಿದ್ದ ಕಾಲದಲ್ಲಿ, 1606ರಲ್ಲಿ, ಇವರಿಗೆ ಅದರಿಂದ ವಿನಾಯಿತಿ ಸಿಕ್ಕಿತ್ತು. 1622–23ರಲ್ಲಿ ವೆನಿಸ್‌ನ ಬ್ರಾಗಾದೀನಿ ಅಚ್ಚುಕೂಟದಿಂದ ಅವರ 'ಹಶ್ಶಿರೀಂ ಅಶೆರ್ ಲಿಶ್ಲೊಮೊ' ಹೊರಬಂತು. ಮೂರರಿಂದ ಎಂಟು ಕಂಠಗಳಿಗೆ ಬರೆದ 33 ಹೀಬ್ರೂ ಪ್ರಾರ್ಥನಾ ರಚನೆಗಳು. ಒಂದೊಂದು ಕಂಠಕ್ಕೂ ಒಂದೊಂದು ಪುಸ್ತಕ. ಆದ್ದರಿಂದ ಒಂದು ಪುಸ್ತಕ ಕಳೆದರೂ ಹಾಡು ಅರೆಬರೆ.

ಅಚ್ಚಿನವರಿಗೆ ಪೇಚು ತಂದದ್ದು ಬರಹದ ದಿಕ್ಕು. ಪಾಶ್ಚಾತ್ಯ ಸ್ವರಲಿಪಿ ಎಡದಿಂದ ಬಲಕ್ಕೆ, ಹೀಬ್ರೂ ಬಲದಿಂದ ಎಡಕ್ಕೆ. ಸ್ವರಲಿಪಿಯನ್ನು ತಿರುಗಿಸದೆ, ಪ್ರತಿ ಪದವನ್ನೂ ಅದರದೇ ದಿಕ್ಕಿನಲ್ಲಿಟ್ಟು ಸ್ವರಗಳ ಕೆಳಗೆ ಕೂರಿಸಿದರು. ಹಾಡುವವರಿಗೆ ಈ ಪ್ರಾರ್ಥನೆಗಳು ಬಾಯಿಗೆ ಬರುತ್ತವಲ್ಲ, ತೊಂದರೆಯಾಗದು ಎಂದರು ಮುನ್ನುಡಿ ಬರೆದ ರಬ್ಬಿ (ಧರ್ಮಗುರು) ಲೆಯೋನೆ ಮೋದೆನಾ. ನನಗೇನೋ ಅದು ಸ್ವಲ್ಪ ಅತಿಯಾದ ನಂಬಿಕೆ ಅನಿಸುತ್ತದೆ! ಜೆರುಸಲೇಮಿನ ದೇವಾಲಯ ನಾಶವಾದ ಶೋಕದಲ್ಲಿ ಇಂಥ ಸಂಗೀತ ಸಲ್ಲದು ಎನ್ನುವವರಿಗೆ, ಸಲ್ಲುತ್ತದೆ ಎಂದು ತಾವು 1605ರಲ್ಲೇ ಕೊಟ್ಟಿದ್ದ ತೀರ್ಪನ್ನೂ ಮೋದೆನಾ ಆ ಪುಸ್ತಕದಲ್ಲಿ ಸೇರಿಸಿದರು.

1630ರಲ್ಲಿ ಪವಿತ್ರ ರೋಮನ್ ಚಕ್ರವರ್ತಿಯ ಸೈನ್ಯ ಮಾಂಟುವಾವನ್ನು ಲೂಟಿ ಮಾಡಿತು. ಯೆಹೂದ್ಯರು ಊರು ಬಿಡಬೇಕಾಯಿತು, ಹಾಡುವವರು ಚದುರಿದರು. ಪುಸ್ತಕ ಉಳಿದಿತ್ತು. 1870ರ ದಶಕದಲ್ಲಿ ಪ್ಯಾರಿಸ್ಸಿನ ಸಿನಗಾಗ್ ಗಾಯಕ ಸಾಮ್ಯುಯೆಲ್ ನೌಂಬುರ್ಗ್, ಸಂಗೀತಗಾರ ವಿನ್ಸೆಂಟ್ ದ್ಯಾಂದಿಯ ನೆರವಿನಿಂದ ಅದನ್ನು ಮತ್ತೆ ಅಚ್ಚು ಹಾಕಿಸಿದ ಮೇಲೆ ರೊಸ್ಸಿಯ ಹಾಡು ಹೊಸ ಗಾಯಕರ ಕೈಗೆ ಬಂತು.

ಹೊಸಬರು ಬೈಬಲಿನ 137ನೇ ಕೀರ್ತನೆಯಾದ 'ಅಲ್ ನಹರೋತ್ ಬಾವೆಲ್'ನಿಂದ ಕೇಳಲು ಶುರುಮಾಡಿ, ಧ್ವನಿಮುದ್ರಣಗಳು ಸಿಗುತ್ತವೆ. ಸಿನಗಾಗ್‌ನ ಹಳೆಯ ಧಾಟಿಯನ್ನು ಮಾತ್ರ ಅದರಲ್ಲಿ ಹುಡುಕಬೇಡಿ. ಮಾತು ಹೀಬ್ರೂ, ಸಂಗೀತ ಆ ಕಾಲದ ಇಟಲಿಯದು.