ಮಕ್ಕಳಿಗೆ ಜಿಂಕೆಯ ಪರಿಚಯ

ಕಾಡಂಚಿನ ಗ್ರಾಮಗಳಲ್ಲಿ ಹುಲ್ಲು ಕೊಯ್ಯುವಾಗ ಹುಡುಗರು ಜಿಂಕೆಯ ಮರಿಯನ್ನು ಕಂಡು, ತಾಯಿಯು ತೊರೆದುಹೋಯಿತೆಂದು ಭಾವಿಸಿ ಮನೆಗೆ ಎತ್ತಿ ತರುವುದುಂಟು. ಆ ಮರಿಯು ಅನಾಥವಲ್ಲ. ಚುಕ್ಕೆಜಿಂಕೆಯು ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಮೊದಲ ದಿನಗಳಲ್ಲಿ ಅದನ್ನು ಪೊದೆಯಲ್ಲಿ ಅಡಗಿಸಿ ತಾನು ಮೇಯಲು ಹೋಗಿ, ಹಾಲೂಡಿಸಲು ಮರಳಿ ಬರುತ್ತದೆ. ಅಲುಗಾಡದೆ ಮಲಗಿರುವುದೇ ಮರಿಗೆ ರಕ್ಷೆ. ಮೈಮೇಲಿನ ಬಿಳಿಯ ಚುಕ್ಕೆಗಳು ಎಲೆಗಳ ನಡುವಣ ಬಿಸಿಲಿನೊಡನೆ ಬೆರೆತು ನರಿ, ಸೀಳುನಾಯಿಗಳ ಕಣ್ಣಿಗೆ ಬೀಳದಂತೆ ಅದನ್ನು ಮರೆಮಾಡುವುವು. ಆದುದರಿಂದ ಮರಿಯನ್ನು ಮುಟ್ಟದೆ ದೂರ ಸರಿಯಬೇಕೆಂದು ಗ್ರಾಮದ ಮುಖಂಡರೂ ಜಮೀನುದಾರರೂ ಮಕ್ಕಳಿಗೆ ತಿಳಿಹೇಳತಕ್ಕದ್ದು. ರಾಗಿಯ ಪೈರಿಗೆ ಹಿಂಡು ನುಗ್ಗುವ ಕಷ್ಟವನ್ನು ರೈತರು ಬಲ್ಲರು. ಮರಿಯ ವಿಷಯವು ಬೇರೆ. ಮೇಲಾಗಿ 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅದನ್ನು ಹಿಡಿದು ಸಾಕುವುದು ಅಪರಾಧವಾಗಿರುತ್ತದೆ. ತಾಯಿಯು ಸತ್ತುಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೆ ವರ್ತಮಾನ ಕೊಡಬೇಕು.

ಬಾಲಕರಿಗೆ ಹಸುವಿನ ಹೋಲಿಕೆಯಿಂದ ತಿಳಿಸುವುದು ಸುಲಭ. ಜಿಂಕೆಗೂ ಸೀಳುಗೊರಸು, ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ, ಮೇದುದನ್ನು ಮೆಲುಕು ಹಾಕುತ್ತದೆ. ಆದರೆ ಕೊಂಬು ಗಂಡಿಗೆ ಮಾತ್ರ; ಅದು ಉದುರಿ ಮತ್ತೆ ಹೊಸದಾಗಿ ಬೆಳೆಯುವುದು. ರಾಣೆಬೆನ್ನೂರಿನ ಬಯಲಿನ ಕೃಷ್ಣಮೃಗದ ಕೊಂಬು ಉದುರದು. ಜನರು ಜಿಂಕೆಯೆಂದೇ ಕರೆದರೂ ಅದು ಬೇರೆ ಕುಲದ್ದು. ಮುಸುವಗಳು ಮರದಿಂದ ಉದುರಿಸಿದ ಎಲೆ ಕಾಯಿಗಳನ್ನು ಚುಕ್ಕೆಜಿಂಕೆಗಳು ಕೆಳಗೆ ನಿಂತು ತಿನ್ನುತ್ತವೆ. ಹುಲಿಯನ್ನು ಕಂಡು ಮುಸುವವು ಕೂಗಿದೊಡನೆ ಹಿಂಡೆಲ್ಲವೂ ಕಿವಿ ನಿಮಿರಿಸುವುದು.