ಟ್ರೈಲರಿನ ಓಲಾಟ: ಕಾರಣವೇನು, ತಡೆಯುವುದು ಹೇಗೆ?

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ನಮ್ಮ ಕಡೆಯ ರಸ್ತೆಗಳಲ್ಲಿ ಸಣ್ಣ ಟ್ರೈಲರುಗಳ ಓಡಾಟ ಹೆಚ್ಚಾಗುತ್ತದೆ. ಒಂದು ಕಡೆ ಒಣಗಿದ ಕಾಫಿ ಚೀಲಗಳು ಕ್ಯೂರಿಂಗ್ ಕೇಂದ್ರಕ್ಕೆ ಹೊರಟಿರುತ್ತವೆ. ಇನ್ನೊಂದು ಕಡೆ ಹೂಮಳೆ ತಡವಾದರೆ ಬೇಕೆಂದು ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಪೈಪುಗಳು ಕೆರೆಯಿಂದ ಕೆರೆಗೆ ಸಾಗುತ್ತಿರುತ್ತವೆ. ಅಡಿಕೆ ತೋಟಗಳಲ್ಲಂತೂ ಗೊಬ್ಬರ, ಸೊಪ್ಪು, ಗೊನೆ ಎಲ್ಲಕ್ಕೂ ಟ್ರೈಲರೇ ಗತಿ. ಜೀಪು, ಪಿಕಪ್ಪು, ಟ್ರಾಕ್ಟರು, ಪವರ್ ಟಿಲ್ಲರು, ಇವುಗಳಲ್ಲಿ ಯಾವುದಾದರೊಂದರ ಹಿಂದೆ ಎರಡು ಗಾಲಿಯ ಟ್ರೈಲರು ಕಟ್ಟದ ಬೆಳೆಗಾರರು ನಮ್ಮಲ್ಲಿ ಕಡಿಮೆ. ಆದರೆ ಅದಕ್ಕೆ ಭಾರ ಹೇರುವ ಕ್ರಮವನ್ನು ಯಾರೂ ನಮಗೆ ಕೂರಿಸಿ ಹೇಳಿಕೊಟ್ಟಿಲ್ಲ.

ಈ ಪಾಠವನ್ನು ನಾವು ಕಲಿತದ್ದು ಪೆಟ್ಟು ತಿಂದ ಮೇಲೆ. ಒಂದು ಬೇಸಿಗೆಯಲ್ಲಿ ಜೀಪಿನ ಹಿಂದೆ ಟ್ರೈಲರು ಕಟ್ಟಿ ಡೀಸೆಲ್ ಪಂಪ್‌ಸೆಟ್ಟನ್ನೂ ಪೈಪುಗಳನ್ನೂ ಸಾಗಿಸುತ್ತಿದ್ದೆವು. ಇಳಿಸಲು ಸುಲಭವಾಗಲೆಂದು ಪಂಪ್‌ಸೆಟ್ಟನ್ನು ಕಟ್ಟಕಡೆಗೆ, ಹಿಂಬಾಗಿಲ ಹತ್ತಿರವೇ ಇಟ್ಟಿದ್ದೆವು. ಇಳಿಜಾರಿನಲ್ಲಿ ಟ್ರೈಲರು ಬಾಲ ಅಲ್ಲಾಡಿಸತೊಡಗಿತು. ಗಾಬರಿಯಿಂದ ಬ್ರೇಕ್ ಒತ್ತಿದೆವು. ಟ್ರೈಲರು ಅಡ್ಡ ತಿರುಗಿ, ಜೀಪಿನ ಹಿಂಭಾಗವನ್ನೂ ತಳ್ಳಿಕೊಂಡು ಚರಂಡಿಗೆ ಬಿತ್ತು. ಪೈಪುಗಳ ಮೇಲೆ ಕುಳಿತಿದ್ದ ನಮ್ಮ ಆಳಿನ ಕಾಲು ಮುರಿಯಿತು. ಆಗ ರಸ್ತೆಯನ್ನೂ ಜೀಪನ್ನೂ ಬೈದುಕೊಂಡೆವು. ಆದರೆ ತಪ್ಪು ನಮ್ಮದೇ ಆಗಿತ್ತು, ಅದೂ ಒಂದಲ್ಲ, ಮೂರು. ಆ ಮೂರೂ ಯಾವುವೆಂಬುದು ಈ ಲೇಖನ ಓದುತ್ತಾ ಹೋದಂತೆ ತಿಳಿಯುತ್ತದೆ.

ಓಲಾಟಕ್ಕೆ ಕಾರಣ

ಎತ್ತಿನ ಗಾಡಿ ಹೊಡೆದ ಹಿರಿಯರಿಗೆ ಈ ವಿಷಯ ಹೊಸದಲ್ಲ. ಗಾಡಿ ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಒತ್ತುತ್ತದೆ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಆದ್ದರಿಂದ ಗಾಡಿಯವನು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ನೊಗದ ಮೇಲೆ ಸ್ವಲ್ಪವೇ ಭಾರ ನಿಲ್ಲುವಂತೆ ಮಾಡಿ, ಆಮೇಲೆ ಹೊರಡುತ್ತಿದ್ದ. ಏರಿನಲ್ಲಿ ತಾನೇ ಮೂಕಿಯ ಮೇಲೆ ಮುಂದಕ್ಕೆ ಸರಿದು ಕೂರುತ್ತಿದ್ದ. ಎರಡು ಗಾಲಿಯ ಟ್ರೈಲರೂ ಒಂದು ಗಾಡಿಯೇ. ಎತ್ತಿನ ಬದಲು ಜೀಪು ಇದೆ, ಅಷ್ಟೇ ವ್ಯತ್ಯಾಸ. ಆದರೆ ಜೀಪು ತನ್ನ ಕೊರಳ ನೋವನ್ನು ಹೇಳಿಕೊಳ್ಳುವುದಿಲ್ಲ, ಮತ್ತು ಎತ್ತಿಗಿಂತ ಬಹಳ ವೇಗವಾಗಿ ಓಡುತ್ತದೆ.

ಟ್ರೈಲರು ಕೊಕ್ಕೆಯನ್ನು ಕೇಂದ್ರವಾಗಿಟ್ಟುಕೊಂಡು ಎಡಕ್ಕೂ ಬಲಕ್ಕೂ ತಿರುಗಬಲ್ಲದು. ಗುಂಡಿ, ಅಡ್ಡಗಾಳಿ, ಪಕ್ಕದಲ್ಲಿ ಹಾದುಹೋಗುವ ಬಸ್ಸಿನ ಗಾಳಿ ಅಥವಾ ಸ್ಟಿಯರಿಂಗಿನ ಒಂದು ಜಗ್ಗು ಅದನ್ನು ಪಕ್ಕಕ್ಕೆ ಸರಿಸುತ್ತದೆ. ಗಾಲಿಗಳು ನೆಲವನ್ನು ಹಿಡಿದು ಅದನ್ನು ಮತ್ತೆ ನೇರಕ್ಕೆ ತರುತ್ತವೆ. ಭಾರವು ಅಚ್ಚಿನ ಹತ್ತಿರ, ಸ್ವಲ್ಪ ಮುಂದಕ್ಕೆ ಇದ್ದರೆ ಟ್ರೈಲರು ಒಂದೆರಡು ಸಲ ಅಲುಗಿ ಸುಮ್ಮನಾಗುತ್ತದೆ. ಭಾರ ಹಿಂದೆ ಇದ್ದರೆ ಅದು ತೂಗುಗಲ್ಲಿನ ಹಾಗೆ ವರ್ತಿಸುತ್ತದೆ. ಒಮ್ಮೆ ಪಕ್ಕಕ್ಕೆ ಹೊರಟ ಭಾರ ನೇರಕ್ಕೆ ಬಂದಾಗ ನಿಲ್ಲದೆ ಇನ್ನೊಂದು ಪಕ್ಕಕ್ಕೆ ಹೋಗುತ್ತದೆ. ವೇಗ ಹೆಚ್ಚಾದಷ್ಟೂ ಈ ಓಲಾಟ ತಾನಾಗಿ ತಣಿಯುವ ಶಕ್ತಿ ಕುಗ್ಗುತ್ತದೆ. ಪ್ರತಿಯೊಂದು ಟ್ರೈಲರಿಗೂ ಅದರ ಹೇರಿಕೆಗೆ ತಕ್ಕಂತೆ ಒಂದು ವೇಗದ ಮಿತಿ ಇರುತ್ತದೆ. ಅದನ್ನು ದಾಟಿದರೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಇಳಿಜಾರಿನಲ್ಲಿ ಟ್ರೈಲರು ಎಳೆಸಿಕೊಳ್ಳುವ ಬದಲು ಮುಂದಿನ ವಾಹನವನ್ನು ತಳ್ಳುವುದರಿಂದ ಅಪಾಯ ಇಮ್ಮಡಿ. ವಿದೇಶಗಳಲ್ಲಿ ಕಾರಿನ ಹಿಂದೆ ಮನೆಯಂಥ ಕ್ಯಾರವಾನ್ ಕಟ್ಟಿಕೊಂಡು ಪ್ರವಾಸ ಹೋಗುವವರನ್ನು ಕಾಡುವುದೂ ಇದೇ ಓಲಾಟ, ಮತ್ತು ಅವರಿಗೆ ಹೇಳುವ ಮದ್ದೂ ಇದೇ.

ಮೂಕಿಭಾರದ ಲೆಕ್ಕ

ಟ್ರೈಲರಿನ ಮೂಕಿಯು ಕೊಕ್ಕೆಯ ಮೇಲೆ ಊರುವ ಭಾರವನ್ನು ಮೂಕಿಭಾರ ಎನ್ನೋಣ. ಜೀಪು, ಪಿಕಪ್ಪುಗಳ ಹಿಂದೆ ಕಟ್ಟುವ ಸಣ್ಣ ಟ್ರೈಲರಿಗೆ ಇದು ಹೇರಿದ ಟ್ರೈಲರಿನ ಒಟ್ಟು ತೂಕದ ನೂರಕ್ಕೆ 10ರಷ್ಟು ಇರುವುದು ಒಳ್ಳೆಯದು. 15 ದಾಟಬಾರದು. ವಾಹನದ ಕೈಪಿಡಿಯಲ್ಲಿ ಕೊಕ್ಕೆಗೆ ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅದನ್ನೇ ಅನುಸರಿಸಿ, ಹೇರುವ ಭಾರವನ್ನು ಇಳಿಸಬೇಕು.

ಒಂದು ಉದಾಹರಣೆ ನೋಡೋಣ. ಖಾಲಿ ಟ್ರೈಲರು 200 ಕಿಲೋ, ಅದರ ಖಾಲಿ ಮೂಕಿಭಾರ 20 ಕಿಲೋ, ಕೊಕ್ಕೆಯಿಂದ ಅಚ್ಚಿಗೆ 8 ಅಡಿ, ಅಂದರೆ 96 ಅಂಗುಲ ಎಂದಿಟ್ಟುಕೊಳ್ಳಿ. 50 ಕಿಲೋದ 8 ಚೀಲ ಕಾಫಿ ಹೇರಿದೆವು. ಹೇರಿದ್ದು 400 ಕಿಲೋ, ಒಟ್ಟು 600 ಕಿಲೋ.

ಚೀಲಗಳ ರಾಶಿಯ ನಡುಮಧ್ಯ ಅಚ್ಚಿಗಿಂತ 10 ಅಂಗುಲ ಮುಂದೆ ಇದ್ದರೆ 400ನ್ನು 10ರಿಂದ ಗುಣಿಸಿ 96ರಿಂದ ಭಾಗಿಸಿ. ಸುಮಾರು 42 ಕಿಲೋ ಬರುತ್ತದೆ. ಖಾಲಿ ಮೂಕಿಭಾರ 20 ಸೇರಿ 62 ಕಿಲೋ. ಒಟ್ಟು ತೂಕದ ನೂರಕ್ಕೆ 10ಕ್ಕೆ ಸರಿಯಾಯಿತು.

ಅದೇ ರಾಶಿಯ ನಡುಮಧ್ಯ ಅಚ್ಚಿಗಿಂತ 10 ಅಂಗುಲ ಹಿಂದೆ ಇದ್ದರೆ 42 ಕಿಲೋ ಕಳೆಯಬೇಕು. ಆಗ ಮೂಕಿ ಕೊಕ್ಕೆಯ ಮೇಲೆ ಊರುವುದಿಲ್ಲ. ಬದಲಾಗಿ 22 ಕಿಲೋ ಬಲದಿಂದ ಅದನ್ನು ಮೇಲಕ್ಕೆ ಎತ್ತುತ್ತದೆ. ಜೀಪಿನ ಹಿಂದಿನ ಗಾಲಿಗಳ ಹಿಡಿತ ಸಡಿಲವಾಗುತ್ತದೆ. ಚೀಲ ಅವೇ, ಟ್ರೈಲರು ಅದೇ, ರಸ್ತೆಯೂ ಅದೇ. ಇಪ್ಪತ್ತು ಅಂಗುಲ ಸರಿಸಿದ್ದಷ್ಟೇ ಸುರಕ್ಷಿತ ಹೇರಿಕೆಗೂ ಅಪಾಯದ ಹೇರಿಕೆಗೂ ಇರುವ ಅಂತರ. ನಮ್ಮ ಪಂಪ್‌ಸೆಟ್ಟು ಮಾಡಿದ್ದೂ ಇದನ್ನೇ.

ತೂಗಿ ನೋಡಲು ಬೇರೆ ಸಾಧನ ಬೇಡ. ಕಣದಲ್ಲಿ ಚೀಲ ತೂಗುವ ತಕ್ಕಡಿಯೇ ಸಾಕು. ಹೇರಿದ ಟ್ರೈಲರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಗಾಲಿಗಳಿಗೆ ಎರಡೂ ಕಡೆ ಕಲ್ಲು ಕೊಡಿ. ತಕ್ಕಡಿಯ ಮೇಲೆ ಮರದ ದಿಮ್ಮಿ ಇಟ್ಟು, ಮೂಕಿಯ ಬಳೆ ಜೀಪಿನ ಕೊಕ್ಕೆಯ ಎತ್ತರಕ್ಕೇ ನಿಲ್ಲುವಂತೆ ಅದರ ಮೇಲೆ ಊರಿಸಿ. ಬಂದ ತೂಕದಲ್ಲಿ ದಿಮ್ಮಿಯ ತೂಕ ಕಳೆಯಿರಿ. ನಾಲ್ಕಾರು ಸಲ ಹೀಗೆ ತೂಗಿದರೆ ಕಣ್ಣಂದಾಜು ಕುದುರುತ್ತದೆ. ಟ್ರೈಲರಿನ ಒಳಮೈಗೆ ಅಚ್ಚಿನ ನೇರಕ್ಕೆ ಒಂದು ಬಣ್ಣದ ಗೆರೆ ಎಳೆದಿಟ್ಟರೆ ಹೇರುವ ಆಳುಗಳಿಗೂ ಅನುಕೂಲ.

ಹೇರುವ ಕ್ರಮ

1. ಅತಿ ಭಾರವಾದ ವಸ್ತು ಅಚ್ಚಿನ ಮೇಲೆ ಅಥವಾ ತುಸು ಮುಂದೆ, ನೆಲಕ್ಕೆ ಒತ್ತಿ ಇರಲಿ. ಹಗುರವಾದದ್ದು ಅದರ ಮೇಲೆ, ಹಿಂದೆ ಮುಂದೆ. ಒಟ್ಟು ಸರಕಿನ ಸುಮಾರು 60 ಪಾಲು ಅಚ್ಚಿನ ಮುಂದೆ, 40 ಪಾಲು ಹಿಂದೆ ಎಂಬುದು ಅಂದಾಜಿನ ಸೂತ್ರ.

2. ಎಡ ಬಲ ಸಮನಾಗಿರಲಿ. ಭಾರವಾದದ್ದನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿ. ಏರಿನಲ್ಲಿ ಒಂದು ಚೀಲ ಹಿಂದಕ್ಕೆ ಜಾರಿದರೂ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ.

3. ಸ್ಪ್ರಿಂಕ್ಲರ್ ಪೈಪು, ಅಡಿಕೆ ದಬ್ಬೆ, ಬಿದಿರು ಮುಂತಾದ ಉದ್ದನೆಯ ಸರಕು ಹಿಂದಕ್ಕೆ ಚಾಚಿದರೆ ಅದೂ ಹಿಂಭಾರವೇ. ಅಂಥ ಸಮಯದಲ್ಲಿ ಉಳಿದ ಭಾರವನ್ನು ಮುಂದಕ್ಕೆ ಸರಿಸಬೇಕು. ಚಾಚಿದ ತುದಿಗೆ ಕೆಂಪು ಬಟ್ಟೆ, ರಾತ್ರಿಯಾದರೆ ಕೆಂಪು ದೀಪ ಕಟ್ಟಬೇಕು.

4. ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ 200 ಲೀಟರಿನ ಡ್ರಮ್ಮುಗಳನ್ನು ಟ್ರೈಲರಿನಲ್ಲಿ ಸಾಗಿಸುವುದುಂಟು. ಅರ್ಧ ತುಂಬಿದ ಡ್ರಮ್ಮು ತುಂಬಿದ್ದಕ್ಕಿಂತ ಕೆಟ್ಟದ್ದು. ನೂರು ಕಿಲೋ ನೀರು ಒಳಗೇ ಹೊಯ್ದಾಡಿ, ಪ್ರತಿ ತಿರುವಿನಲ್ಲೂ ಟ್ರೈಲರನ್ನು ತಳ್ಳುತ್ತದೆ. ಡ್ರಮ್ಮನ್ನು ಪೂರ್ತಿ ತುಂಬಿ ಬಾಯಿ ಬಿಗಿದು ಸಾಗಿಸಬೇಕು. ತೋಟದಲ್ಲಿ ನೀರಿದ್ದರೆ ಮೈಲುತುತ್ತವನ್ನೂ ಸುಣ್ಣವನ್ನೂ ಮಾತ್ರ ಒಯ್ದು ಅಲ್ಲಿಯೇ ದ್ರಾವಣ ಮಾಡಿಕೊಳ್ಳುವುದು ಇನ್ನೂ ಉತ್ತಮ.

5. ವಾಹನದ ಶಕ್ತಿ ಮೀರಿ ಹೇರಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜೀಪಿಗೆಂದೇ ಮಾಡಿದ ಸಣ್ಣ ಟ್ರೈಲರು ಕಾಲು ಟನ್ನಿನದು. ಕಚ್ಚಾ ದಾರಿಯಲ್ಲಿ ಅದಕ್ಕೆ ಹೇಳಿದ್ದ ಹೊರೆ 500 ಪೌಂಡು, ಅಂದರೆ 50 ಕಿಲೋದ ನಾಲ್ಕೂವರೆ ಚೀಲ! ಬ್ರೇಕ್ ಇಲ್ಲದ ಟ್ರೈಲರು ಹೇರಿದ ಮೇಲೆ ಎಳೆಯುವ ವಾಹನದ ಅರ್ಧ ತೂಕವನ್ನೂ 750 ಕಿಲೋವನ್ನೂ ಮೀರಬಾರದೆಂದು ಬ್ರಿಟನ್ನಿನ ನಿಯಮವಿದೆ. ನಮ್ಮ ಘಟ್ಟದ ದಾರಿಗೆ ಅದು ಒಳ್ಳೆಯ ಅಳತೆಗೋಲು.

ಹೊರಡುವ ಮುನ್ನ

ಕೊಕ್ಕೆಯ ಎತ್ತರ ಸರಿಯಾಗಿದ್ದು ಟ್ರೈಲರು ಮಟ್ಟವಾಗಿ, ಇಲ್ಲವೇ ಮೂತಿ ಕೊಂಚ ತಗ್ಗಿ ನಿಲ್ಲಬೇಕು. ಮೂತಿ ಎತ್ತಿದ್ದರೆ ಭಾರ ಹಿಂದಕ್ಕೆ ಹೋಗುತ್ತದೆ. ಬಳೆ, ಕೊಕ್ಕೆ, ಪಿನ್ನುಗಳು ಸವೆದು ಸಡಿಲವಾಗಿದ್ದರೆ ಓಲಾಟಕ್ಕೆ ನಾವೇ ಎಡೆ ಮಾಡಿಕೊಟ್ಟಂತೆ. ಪಿನ್ನು ಕಳೆದುಹೋದಾಗ ಕೈಗೆ ಸಿಕ್ಕಿದ ಕಬ್ಬಿಣದ ಸರಳು ತೂರಿಸಿ, ಮೊಳೆ ಬಗ್ಗಿಸಿ ಹೊರಡುವ ಅಭ್ಯಾಸ ಬಿಡಬೇಕು.

ಮೂಕಿಯಿಂದ ವಾಹನಕ್ಕೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟಬೇಕು. ಕೊಕ್ಕೆ ಕಳಚಿದರೂ ಮೂಕಿ ನೆಲಕ್ಕೆ ಚುಚ್ಚದೆ ಸರಪಳಿಗಳ ತೊಟ್ಟಿಲಲ್ಲಿ ನಿಲ್ಲುತ್ತದೆ. ತಿರುವಿಗೆ ಸಾಕಾಗುವಷ್ಟು ಸಡಿಲವಿರಲಿ, ನೆಲಕ್ಕೆ ತಾಗದಿರಲಿ.

ಟೈರಿನ ಗಾಳಿ ನೋಡಿ. ಗಾಳಿ ಕಡಿಮೆಯಾದ ಟೈರು ಪಕ್ಕಕ್ಕೆ ಬಾಗುತ್ತದೆ. ಓಲಾಟವನ್ನು ಹಿಡಿದು ನಿಲ್ಲಿಸಬೇಕಾದ ಟೈರೇ ಮೆತ್ತಗಾದರೆ ಇನ್ನಾರು ನಿಲ್ಲಿಸಬೇಕು? ಜೀಪಿನ ಹಿಂದಿನ ಟೈರುಗಳಿಗೂ ಇದೇ ಮಾತು. ಮಳೆಗಾಲವಿಡೀ ನಿಂತ ಟ್ರೈಲರಿನ ಟೈರು ಸವೆಯದಿದ್ದರೂ ಬಿರುಕು ಬಿಟ್ಟಿರಬಹುದು. ಹಿಂದಿನ ದೀಪ, ಕೆಂಪು ಪ್ರತಿಫಲಕಗಳನ್ನು ಒರೆಸಿ ಪರೀಕ್ಷಿಸಿ.

ದಾರಿಯಲ್ಲಿ

ನಿಧಾನವೇ ಮೊದಲ ಮದ್ದು. ಇಳಿಜಾರು ಆರಂಭವಾಗುವ ಮುಂಚೆಯೇ ವೇಗ ತಗ್ಗಿಸಿ, ಅದೇ ದಾರಿಯನ್ನು ಏರಲು ಬೇಕಾಗುವ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿತಾಯಕ್ಕೆಂದು ನ್ಯೂಟ್ರಲ್ ಮಾಡಿ ಇಳಿಯುವುದು ದುಬಾರಿ ಉಳಿತಾಯ.

ಹಾಗಿದ್ದೂ ಓಲಾಟ ಶುರುವಾದರೆ:

1. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಕ್ಲಚ್ ಒತ್ತಬೇಡಿ.

2. ಸ್ಟಿಯರಿಂಗನ್ನು ನೇರವಾಗಿ, ಗಟ್ಟಿಯಾಗಿ ಹಿಡಿಯಿರಿ. ಓಲಾಟಕ್ಕೆ ಎದುರಾಗಿ ಎಡಬಲ ತಿರುಗಿಸಬೇಡಿ. ನಮ್ಮ ಕೈ ಯಾವಾಗಲೂ ಒಂದು ಕ್ಷಣ ಹಿಂದೆ ಬೀಳುವುದರಿಂದ ಓಲಾಟ ಹೆಚ್ಚುತ್ತದೆ.

3. ಬ್ರೇಕನ್ನು ಒಮ್ಮೆಲೇ ಒತ್ತಬೇಡಿ. ಮುಂದಿನ ವಾಹನ ನಿಂತರೂ ಟ್ರೈಲರು ನಿಲ್ಲದೆ ಅಡ್ಡ ತಿರುಗುತ್ತದೆ. ಟ್ರೈಲರಿಗೇ ಪ್ರತ್ಯೇಕವಾಗಿ ಬಳಸಬಹುದಾದ ಬ್ರೇಕ್ ಇದ್ದರೆ ಅದನ್ನು ಮಾತ್ರ ಮೆಲ್ಲಗೆ ಹಾಕಬಹುದು.

4. ವೇಗ ಹೆಚ್ಚಿಸಿ ಟ್ರೈಲರನ್ನು ನೇರ ಮಾಡುತ್ತೇವೆಂಬ ಸಾಹಸ ಬೇಡ.

5. ಓಲಾಟ ನಿಂತ ಮೇಲೆ ಮೆಲ್ಲನೆ ಬ್ರೇಕ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ, ಸರಕನ್ನು ಮುಂದಕ್ಕೆ ಸರಿಸಿ. ಒಮ್ಮೆ ಓಲಾಡಿದ ಹೇರಿಕೆ ಮತ್ತೆ ಓಲಾಡದೆ ಇರದು.

ಟ್ರಾಕ್ಟರು ಮತ್ತು ಪವರ್ ಟಿಲ್ಲರು

ಟ್ರಾಕ್ಟರಿನಲ್ಲಿ ಎಡ ಬಲ ಗಾಲಿಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲುಗಳಿವೆ. ರಸ್ತೆಗೆ ಇಳಿಯುವ ಮುನ್ನ ಎರಡನ್ನೂ ಕೊಂಡಿ ಹಾಕಿ ಜೋಡಿಸತಕ್ಕದ್ದು. ಒಂದನ್ನೇ ಒತ್ತಿದರೆ ಟ್ರಾಕ್ಟರು ತಿರುಗಿ ಟ್ರೈಲರಿನಡಿಗೆ ಸಿಕ್ಕುತ್ತದೆ. ಇಲ್ಲಿ ಮೂಕಿಭಾರ ಅತಿಯಾದರೂ ಕಷ್ಟವೇ. ಏರಿನಲ್ಲಿ ಮುಂದಿನ ಗಾಲಿಗಳು ಹಗುರವಾಗಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ. ಟ್ರೈಲರನ್ನು ಕೆಳಗಿನ ಡ್ರಾಬಾರಿಗೇ ಕಟ್ಟಬೇಕು, ಮೇಲಿನ ಕೊಂಡಿಗೆ ಕಟ್ಟಬಾರದು.

ಪವರ್ ಟಿಲ್ಲರ್ ಬಳಸುವ ಸಣ್ಣ ಬೆಳೆಗಾರರು ಒಂದು ಮಾತನ್ನು ಮರೆಯಬಾರದು. ಸಮತಟ್ಟಿನಲ್ಲಿ ಎಡಗೈ ಸ್ಟಿಯರಿಂಗ್ ಕ್ಲಚ್ ಹಿಡಿದರೆ ಟಿಲ್ಲರು ಎಡಕ್ಕೆ ತಿರುಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಅದೇ ಕ್ಲಚ್ ಹಿಡಿದರೆ ಬಲಕ್ಕೆ ತಿರುಗುತ್ತದೆ. ಯಾಕೆಂದರೆ ಇಳಿಯುವಾಗ ಎಂಜಿನ್ನು ಗಾಲಿಗಳನ್ನು ಓಡಿಸುತ್ತಿರುವುದಿಲ್ಲ, ತಡೆದು ಹಿಡಿದಿರುತ್ತದೆ. ಕ್ಲಚ್ ಬಿಡಿಸಿದ ಎಡಗಾಲಿ ಹಿಡಿತ ತಪ್ಪಿ ಹೆಚ್ಚು ಓಡುತ್ತದೆ. ಹಿಂದಿನಿಂದ ಟ್ರೈಲರೂ ತಳ್ಳುತ್ತಿರುತ್ತದೆ. ಆದ್ದರಿಂದ ಕಡಿದಾದ ಇಳಿತದಲ್ಲಿ ಕೆಳ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಾ, ಸ್ಟಿಯರಿಂಗ್ ಕ್ಲಚ್ ಮುಟ್ಟದೆ, ಹಿಡಿಯನ್ನೇ ಬಲವಾಗಿ ತಳ್ಳಿ ತಿರುಗಿಸಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ಇದನ್ನು ಖಾಲಿ ಟ್ರೈಲರಿನಲ್ಲಿ ಮಾಡಿ ತೋರಿಸದೆ ಭಾರ ಹೇರಿ ಕಳುಹಿಸಬಾರದು.

ಕೊನೆಯ ಮಾತು

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೈಲರೂ ಒಂದು ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ವಿಮೆಯನ್ನು ಮಾಡಿಸುವಾಗ ಟ್ರೈಲರನ್ನೂ ಸೇರಿಸಿದೆಯೇ ಎಂದು ನೋಡಿಕೊಳ್ಳಿ. ಸರಕಿನ ಮೇಲೆ ಆಳುಗಳನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೂ ವಿರುದ್ಧ, ಮನುಷ್ಯತ್ವಕ್ಕೂ ವಿರುದ್ಧ. ಅಪಘಾತವಾದರೆ ವಿಮೆಯಿಂದ ಪರಿಹಾರ ಪಡೆಯುವುದೂ ಕಷ್ಟ.

ನಮ್ಮ ಮೂರು ತಪ್ಪುಗಳು ಈಗ ಸ್ಪಷ್ಟವಾಗಿರಬೇಕು. ಭಾರವನ್ನು ಹಿಂದೆ ಹೇರಿದೆವು. ಓಲಾಟ ಬಂದಾಗ ಬ್ರೇಕ್ ಒತ್ತಿದೆವು. ಸರಕಿನ ಮೇಲೆ ಮನುಷ್ಯನನ್ನು ಕೂರಿಸಿದೆವು. ಮೊದಲಿನ ಎರಡು ತಪ್ಪುಗಳಿಂದ ಕೆಟ್ಟ ಪಂಪ್‌ಸೆಟ್ಟು ಹದಿನೈದು ದಿನದಲ್ಲಿ ರಿಪೇರಿಯಾಯಿತು. ಮೂರನೆಯದರಿಂದ ಮುರಿದ ಕಾಲು ಕೂಡಿಕೊಂಡರೂ ಆತ ಮತ್ತೆ ಅಡಿಕೆ ಮರ ಹತ್ತಲಿಲ್ಲ. ಇಳಿಸಲು ಹತ್ತು ನಿಮಿಷ ಹೆಚ್ಚಾದರೂ ಚಿಂತೆಯಿಲ್ಲ, ಪಂಪ್‌ಸೆಟ್ಟನ್ನು ಅಚ್ಚಿನ ಮುಂದೆಯೇ ಇಡಿ. ಆಳುಗಳನ್ನು ಇನ್ನೊಂದು ಸರದಿ ಹೊಡೆದಾದರೂ ವಾಹನದ ಒಳಗೇ ಕೂರಿಸಿ ಕರೆತನ್ನಿ.