ಪದಬಂಧ ಮತ್ತು ಮರೆವು

ಬೆಳಗಿನ ಕಾಫಿಯ ಜೊತೆ ಪದಬಂಧ ತುಂಬುವ ಹಿರಿಯರು ನಿಮ್ಮ ಮನೆಯಲ್ಲೂ ಇರಬಹುದು. ಒಂದು ಪದ ಹೊಳೆಯದಿದ್ದರೆ ಅರಳುಮರಳು ಶುರುವಾಯಿತೇ ಎಂದು ಕೆಲವರಿಗೆ ಗಾಬರಿ. ಸಂತೆಯ ವ್ಯಾಪಾರದ ಪದಗಳಿರುವ ಒಂದು ಸುಲಭ ಪದಬಂಧವನ್ನೇ ತೆಗೆದುಕೊಳ್ಳಿ.

ಎಡದಿಂದ ಬಲಕ್ಕೆ: 'ಕೊಂಡದ್ದರ ಮೇಲೆ ಗಿರಾಕಿ ಕೇಳುವ ಚೂರು ಹೆಚ್ಚಿನದು', ಮೂರು ಅಕ್ಷರ. ನೀವು 'ಚೌಕಾಸಿ' ಎಂದು ಬರೆದುಬಿಡುತ್ತೀರಿ. ನಡುವಿನ ಚೌಕದಿಂದ ಕೆಳಕ್ಕೆ ಇಳಿಯುವ ಪದದ ಸುಳಿವು: 'ಚಿಲ್ಲರೆ ಅಲ್ಲದ ವ್ಯಾಪಾರ'. ಅದು 'ಸಗಟು'. ಹಾಗಾದರೆ ನಡುವೆ 'ಕಾ' ನಿಲ್ಲದು, 'ಸ' ಬರಬೇಕು. ಆ 'ಸ' ಕಂಡೊಡನೆ 'ಕೊಸರು' ನಾಲಿಗೆಗೆ ಬರುತ್ತದೆ. (ಮೊದಲು ಪೆನ್ಸಿಲ್ಲಿನಲ್ಲೇ ಬರೆಯುವುದು ಲೇಸು.)

ಪದ ಮಿದುಳಿನಲ್ಲೇ ಇತ್ತು. ಹೊರಬರಲು ಒಂದು ಅಕ್ಷರದ ಆಸರೆ ಬೇಕಿತ್ತು. ವಯಸ್ಸಾದಂತೆ ಇಂಥ ತಡವರಿಕೆ ಸಹಜ. ಆದರೆ ಸುಳಿವು ಕೊಟ್ಟರೂ ಬಳಕೆಯ ಪದಗಳು ಪದೇ ಪದೇ ನೆನಪಾಗದಿದ್ದರೆ, ಅಂಗಡಿಯಲ್ಲಿ ಚಿಲ್ಲರೆ ಲೆಕ್ಕ ತಪ್ಪತೊಡಗಿದರೆ, ದಿನವೂ ನಡೆದ ದಾರಿಯೇ ಗೊಂದಲವಾದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ.

2022ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಅಲ್ಪ ಮರೆವಿದ್ದ 107 ಮಂದಿಯನ್ನು 78 ವಾರ ಗಮನಿಸಿತು. ಕಂಪ್ಯೂಟರ್ ಆಟ ಆಡಿದವರಿಗಿಂತ ಪದಬಂಧ ಬಿಡಿಸಿದವರು ತುಸು ಮೇಲಾಗಿದ್ದರು. ಎರಡನ್ನೂ ಮಾಡದವರ ಗುಂಪು ಅಲ್ಲಿರಲಿಲ್ಲ. ಆದ್ದರಿಂದ ಪದಬಂಧವನ್ನು ಔಷಧವೆನ್ನಲಾಗದು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಚೌಕ ತುಂಬುತ್ತ ಕೂರಬೇಡಿ. ಅಜ್ಜಿ ತಡವರಿಸಿದಾಗ ಮೊಮ್ಮಕ್ಕಳು ಉತ್ತರ ಒದರಿಬಿಡುವುದೂ ಬೇಡ. ಮೊದಲ ಅಕ್ಷರ ಹೇಳಿ ಸ್ವಲ್ಪ ಕಾಯಲಿ.